ಗಾಜಿನ ಮೇಲೊಂದು ಅಂಗೈ

ಗಾಜು ಕತ್ತರಿಸುವವರೆಂದರೆ ನಿಧಾನಸ್ಥರು, ಉಸಿರು ಬಿಡುವುದನ್ನೂ ಯೋಚಿಸಿ ಬಿಡುವವರು ಎಂದು ನೀವು ತಿಳಿದಿದ್ದರೆ, ನೀವು ಬುಗುರಿಯನ್ನು ನೋಡಿಲ್ಲ. ಈ ಮನುಷ್ಯ ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಟೀ ಇನ್ನೂ ಅರ್ಧ ಇರುವಾಗಲೇ ಲೋಟ ತೊಳೆಯಲು ಎದ್ದಿರುತ್ತಾನೆ. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆಯುತ್ತಾನೆ, ಅಲ್ಲೂ ಬರದಿದ್ದರೆ ಅದರ ಮುಂದಿನದಕ್ಕೆ ನಡೆಯುತ್ತಾನೆ, ಕಡೆಗೆ ಬಸ್ಸಿಗಿಂತ ಮೊದಲೇ ಮನೆ ಸೇರಿ 'ಈವತ್ತು ಬಸ್ಸೇ ಇಲ್ಲ ಕಣೇ' ಎಂದು ಹೆಂಡತಿಯ ಹತ್ತಿರ ದೂರು ಹೇಳುತ್ತಾನೆ. ಪಕ್ಕದ ಬೀಗದ ಅಂಗಡಿಯವನು ಇವನ ಓಡಾಟ ನೋಡಿ ನೋಡಿ ಕಣ್ಣು ಕತ್ತಲೆ ಬಂದು ಇಟ್ಟ ಹೆಸರು ಬುಗುರಿ. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ನಿಜವಾದ ಹೆಸರು ಹೇಳಿಕೊಂಡು ಹುಡುಕಿ ಬಂದವರಿಗೆ ಬೀದಿಯವರು 'ಅಂಥವರು ಇಲ್ಲಿ ಯಾರೂ ಇಲ್ಲ' ಎಂದು ಹೇಳಿ ಕಳಿಸಿದ್ದೂ ಉಂಟು.

ಆದರೆ ಕಂಬಳಿ ಹಾಸಿದ ಮೇಜಿನ ಮೇಲೆ ಗಾಜು ಮಲಗಿಸಿ ಕಟ್ಟರ್ ಕೈಗೆ ತೆಗೆದುಕೊಂಡನೆಂದರೆ ಆಸಾಮಿಯೇ ಬೇರೆ. ಕಾಲು ನೆಲದಲ್ಲಿ ನಾಟಿಕೊಳ್ಳುತ್ತದೆ. ಭುಜದಿಂದ ಬೆರಳಿನವರೆಗೆ ಇಡೀ ತೋಳು ಗಾಳಿಯಲ್ಲೇ ಇರುತ್ತದೆ, ಕಟ್ಟರಿನ ತುದಿಯ ಪುಟ್ಟ ಚಕ್ರ ಮಾತ್ರ ಗಾಜಿಗೆ ತಗುಲಿ ಈ ಅಂಚಿನಿಂದ ಆ ಅಂಚಿಗೆ ಸರ್ರನೆ ಹೋಗುತ್ತದೆ. ಒಂದೇ ಗೀರು. ಸಾಲದೆಂದು ಇನ್ನೊಂದು ಸಲ ಎಳೆಯಲು ಹೋದರೆ ಗಾಜು ಸಿಟ್ಟಿಗೆದ್ದು ತನಗೆ ತೋಚಿದ ಕಡೆ ಒಡೆಯುತ್ತದೆ. ಗೀರಿನ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ 'ಟಕ್' ಎಂದು ಎರಡು ಹೋಳು. ಆ ಸದ್ದು ಕೇಳಿದ ಮೇಲೆ ಮತ್ತೆ ಬುಗುರಿ ತಿರುಗಲು ಶುರು.

ಅವನ ಅಂಗಡಿಯಲ್ಲಿ ಒಂದೇ ಕಾನೂನು. ಅದಕ್ಕೆ ಒಂದೇ ಪದ: 'ಅಂಗೈ!' ಯಾರಾದರೂ ಗಾಜಿನ ಮೇಲೆ ಕೈಯೂರಲು ಹೋದರೆ ಸಾಕು, ಎಲ್ಲಿದ್ದರೂ ಅಲ್ಲಿಂದಲೇ ಕೂಗುತ್ತಾನೆ. ಅಂಚು ಕೊಯ್ಯುತ್ತದೆ ಎನ್ನುವುದು ಒಂದು ಕಾರಣ. ಬೆವರಿನ ಗುರುತು ಬೀಳುತ್ತದೆ ಎನ್ನುವುದು ಇನ್ನೊಂದು. ಕಸುಬು ಕಲಿಯುವ ಕಾಲದಲ್ಲಿ ಒಂದು ಮದುವೆಯ ಫೋಟೋಕ್ಕೆ ಚೌಕಟ್ಟು ಹಾಕಿ, ಬಿಗಿಯಾಗಿ ಮುಚ್ಚಿ ಕೊಟ್ಟ ಮೇಲೆ ನೋಡಿದರೆ ಮದುಮಗನ ಮೂಗಿನ ಮೇಲೆ ಇವನ ಹೆಬ್ಬೆಟ್ಟು. ಕಸುಬು ಕಲಿಸುತ್ತಿದ್ದ ಚಿಕ್ಕಪ್ಪ ಮರದ ಸ್ಕೇಲಿನಿಂದ ಕೈಗೆ ಕೊಟ್ಟ ಏಟನ್ನು ಅವನು ಮರೆತಿಲ್ಲ. ಹಾಗಾಗಿ ಮನೆಯಲ್ಲೂ ಅದೇ ರಾಜ್ಯಭಾರ. ಕಿಟಕಿ, ಕನ್ನಡಿ, ಪುಸ್ತಕದ ಬೀರು, ಯಾವುದರ ಮೇಲೂ ಅಂಗೈ ಬೀಳುವಂತಿಲ್ಲ. ಆ ಮನೆಯವರು ಗಾಜಿನ ಬಾಗಿಲನ್ನು ಬೆರಳ ಗೆಣ್ಣಿನಿಂದ ತಳ್ಳುತ್ತಾರೆ. ನೆಂಟರು ಇವರಿಗೇನೋ ಕಾಯಿಲೆಯಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ.

ಇಂಥವನಿಗೆ ಒಬ್ಬಳೇ ಮಗಳು, ಹದಿನೈದರವಳು, ಮೂರು ಹೊತ್ತೂ ಚಿತ್ರ ಬರೆಯುವವಳು. ಕಾಗದ ಸಿಕ್ಕರೆ ಕಾಗದ, ಇಲ್ಲದಿದ್ದರೆ ಅಪ್ಪನ ಅಂಗಡಿಯ ರಟ್ಟು. ಇಡೀ ಕೈಯನ್ನು ಹಾಳೆಯ ಮೇಲೆ ಹಾಸಿ, ಮೂಗು ತಾಗುವಷ್ಟು ಬಗ್ಗಿ ಬರೆಯುತ್ತಾಳೆ. ಅದರಿಂದ ಬಲಗೈಯ ಕಿರುಬೆರಳಿನ ಬದಿ ಯಾವಾಗಲೂ ಪೆನ್ಸಿಲಿನ ಮಸಿಯಿಂದ ಕಪ್ಪಗೆ ಹೊಳೆಯುತ್ತಿರುತ್ತದೆ. ಅದೇ ಕೈ ಅಂಗಿಗೆ, ಅದೇ ಕೈ ದಿಂಬಿಗೆ, ಅದೇ ಕೈ ಗೋಡೆಗೆ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸದ ಅವಳ ಅಮ್ಮ, ಧೂಳು ಕಂಡರೂ ಮಾತಾಡದ ತಾಯಿ, ಆ ಮಸಿ ಕಂಡರೆ ಮಾತ್ರ ಬಾಯಿ ಬಿಡುತ್ತಿದ್ದಳು. ಸೋದರಮಾವ ಅವಳಿಗೆ ಗೀಚಮ್ಮ ಎಂದು ಹೆಸರಿಟ್ಟಿದ್ದ.

ಶಾಲೆಯ ಚಿತ್ರಕಲೆಯ ಮೇಡಂ ಒಂದು ಕತೆಯನ್ನು ಓಡಾಡುವ ಚಿತ್ರಗಳಲ್ಲಿ, ಅಂದರೆ ಅನಿಮೇಷನ್ನಿನಲ್ಲಿ, ಮಾಡಿಸಲು ಹೊರಟಿದ್ದರು. ಮುಖ್ಯ ಪಾತ್ರವನ್ನು ಬರೆಯುವ ಕೆಲಸ ಈ ಹುಡುಗಿಗೇ ಎಂದು ಎಲ್ಲರ ಮುಂದೆ ಹೇಳಿದರು. ಆದರೆ ಅದು ಕಾಗದದಲ್ಲಿ ಆಗುವ ಕೆಲಸವಲ್ಲ, ಟ್ಯಾಬಿನ ಮೇಲೆ ಪೆನ್ನಿನಿಂದ ಬರೆಯಬೇಕು. ಶಾಲೆಯಲ್ಲಿ ಇದ್ದದ್ದು ಒಂದೇ ಟ್ಯಾಬ್, ಅದೂ ರಜದಲ್ಲಿ ಬೀರುವಿನೊಳಗೆ. ರಜ ಮುಗಿಯುವ ಹೊತ್ತಿಗೆ ಮೊದಲ ಚಿತ್ರಗಳು ಬೇಕು. ಹುಡುಗಿ ಮನೆಗೆ ಬಂದು ಇದನ್ನೆಲ್ಲ ಹೇಳಿದಳೇ ಹೊರತು ಕೊಡಿಸು ಎಂದು ಕೇಳಲಿಲ್ಲ. ಕೇಳಿದ್ದರೆ ಬುಗುರಿ ಸ್ವಲ್ಪ ರೇಗಾಡಿ, ಆಮೇಲೆ ಒಪ್ಪಿ, ಹಗುರಾಗುತ್ತಿದ್ದ. ಕೇಳದೆ ಇದ್ದದ್ದೇ ಅವನ ಹೊಟ್ಟೆಯೊಳಗೆ ಹೊಕ್ಕು ಕೂತಿತು.

ಅಲ್ಲಿಂದ ಶುರುವಾಯಿತು ನೋಡಿ ಓಡಾಟ. ಕನ್ನಡಿ ಕೊಳ್ಳಲು ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ 'ನಿಮ್ಮ ಮನೇಲಿ ಟ್ಯಾಬ್ ಇದ್ಯಾ? ಯಾವ್ದು? ಅದ್ರಲ್ಲಿ ಚಿತ್ರ ಬರೀಬಹುದಾ?' ಎಂದು ಪಾಠ ಒಪ್ಪಿಸಿಕೊಂಡ. ಒಬ್ಬರು ಪರದೆ ದೊಡ್ಡದಿರಬೇಕೆಂದರು. ಒಬ್ಬರು ಬ್ಯಾಟರಿ ನೋಡಿ ಎಂದರು. ಇನ್ನೊಬ್ಬರು, ಅದೆಲ್ಲ ಬಿಡಿ, ಪೆನ್ನೇ ಮುಖ್ಯ ಎಂದು ಇವನ ತಲೆಗೆ ಹುಳ ಬಿಟ್ಟರು. ಕೆಲವು ಪೆನ್ನುಗಳು ಬರೀ ಬೆರಳಿನ ಬದಲಿಗಂತೆ, ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪವಂತೆ. ಬೇರೆ ಪೆನ್ನುಗಳಿಗೆ ಕೈಯ ಭಾರ ತಿಳಿಯುತ್ತದಂತೆ, ಒತ್ತಿದರೆ ದಪ್ಪ, ಸಡಿಲ ಬಿಟ್ಟರೆ ತೆಳು. ಬುಗುರಿ ಇದನ್ನು ಕೇಳಿದ್ದೇ ತಡ, ಅಂಗಡಿಯ ಷಟರ್ ಅರ್ಧ ಎಳೆದು ಭಾವಮೈದನಿಗೆ ಫೋನು ಮಾಡಿದ.

ಈ ಭಾವಮೈದ ಝೆರಾಕ್ಸ್ ಯಂತ್ರ ರಿಪೇರಿ ಮಾಡುವವನು. ಪ್ಲಗ್ ಇರುವ ಯಾವುದೇ ವಸ್ತುವಿನ ಬಗ್ಗೆಯೂ ಅವನ ಅಭಿಪ್ರಾಯ ಸಿದ್ಧವಾಗಿರುತ್ತದೆ. "ಭಾವ, ನೀವು ಚಿಂತೆ ಬಿಡಿ. ನಾನಿದ್ದೀನಲ್ಲ," ಎಂದ. ಅವನು ಹಾಗೆಂದಾಗಲೆಲ್ಲ ಬುಗುರಿಯ ಚಿಂತೆ ಎರಡರಷ್ಟಾಗುವುದು ವಾಡಿಕೆ. ಆದರೂ ಗತಿಯಿಲ್ಲ. ಮಗಳಿಗೆ ಗೊತ್ತಾಗಬಾರದೆಂದು ಇಬ್ಬರೂ ಕದ್ದು ಹೊರಟರು.

ಟ್ಯಾಬ್ ಮಾರುವ ಅಂಗಡಿ ದೊಡ್ಡದು. ಒಳಗೆ ಕಾಲಿಟ್ಟ ಕೂಡಲೇ ಬುಗುರಿ ಮೊದಲು ನೋಡಿದ್ದು ಬಾಗಿಲಿನ ಗಾಜನ್ನು. ಅದರ ತುಂಬ ಅಂಗೈಗಳೇ. "ಥೂ," ಎಂದು ಗೊಣಗಿಕೊಂಡೇ ಒಳಗೆ ಹೋದ. ಸಾಲಾಗಿ ಟ್ಯಾಬುಗಳನ್ನು ನಿಲ್ಲಿಸಿದ್ದ ಮೇಜಿನ ಹತ್ತಿರ ನೀಲಿ ಅಂಗಿಯ ಹುಡುಗಿಯೊಬ್ಬಳು ಬಂದು, ಯಾರಿಗೆ, ಏತಕ್ಕೆ ಎಂದು ಕೇಳಿದಳು. ಮಗಳಿಗೆ, ಚಿತ್ರಕ್ಕೆ ಎಂದ. ಅವಳು ಮೂರ್ನಾಲ್ಕನ್ನು ತೆಗೆದು ಮುಂದಿಟ್ಟು, ಪರದೆಯ ಅಳತೆ, ಪೆನ್ನಿನ ಭಾರ, ಕೈ ಊರಿದರೂ ಗೆರೆ ಕೆಡದಂತಿರುವ ಸೌಲಭ್ಯ, ಹೀಗೆ ಒಂದೊಂದಾಗಿ ವಿವರಿಸತೊಡಗಿದಳು. ಬುಗುರಿಯ ಕಿವಿಗೆ ಅದರಲ್ಲಿ ಅರ್ಧವೂ ಬೀಳಲಿಲ್ಲ. ಅವನು ಒಂದು ಟ್ಯಾಬನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಓರೆ ಹಿಡಿದು, ಗಾಜಿನಲ್ಲಿ ಅಲೆಯಿದೆಯೇ ಎಂದು ನೋಡುತ್ತಿದ್ದ. ಆಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿ ಹತ್ತಿರ ಹಿಡಿದ.

"ಸರ್, ಕುಟ್ಟಬೇಡಿ ಸರ್," ಎಂದಳು ಹುಡುಗಿ.

"ಸದ್ದು ನೋಡ್ತಿದ್ದೆ ಅಮ್ಮ. ಗಾಜು ಒಳ್ಳೇದಿದೆ."

"ಭಾವ, ಇದು ತೆಂಗಿನಕಾಯಲ್ಲ," ಎಂದು ಭಾವಮೈದ ಪಿಸುಗುಟ್ಟಿದ.

ಭಾವಮೈದನೇ ಪೆನ್ನು ತೆಗೆದುಕೊಂಡು ಪರೀಕ್ಷೆಗೆಂದು ಒಂದು ಬೆಕ್ಕು ಬರೆದ. ಅದು ಬೆಕ್ಕೆಂದು ಅವನೇ ಹೇಳಬೇಕಾಯಿತು. ನಂತರ ಬುಗುರಿಯ ಸರದಿ. ಪೆನ್ನಿನ ಮೊನೆ ಗಾಜಿನ ಹತ್ತಿರ ಹೋಗುತ್ತಿದ್ದಂತೆ ಅವನ ಎದೆ ಒಮ್ಮೆ ಝಲ್ಲೆಂದಿತು. ಜೀವಮಾನವಿಡೀ ಗಾಜಿನ ಮೇಲೆ ಮೊನೆಯಿಟ್ಟನೆಂದರೆ ಅದು ಒಡೆಯುವುದಕ್ಕೇ. ತೋಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಉಸಿರು ಕಟ್ಟಿ, ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆದ. ಸ್ಕೇಲಿಟ್ಟು ಎಳೆದಂತಿತ್ತು. ನೀಲಿ ಅಂಗಿಯ ಹುಡುಗಿ ಬಾಯಿ ಬಿಟ್ಟು "ಅಯ್ಯೋ, ಎಷ್ಟು ನೆಟ್ಟಗೆ!" ಎಂದಳು. ಬುಗುರಿ ಉಬ್ಬಿಹೋದ. ಭಾರ ತಿಳಿಯುವ ಪೆನ್ನಿರುವ ಆ ಟ್ಯಾಬನ್ನೇ ಕಟ್ಟಿಕೊಡಿ ಎಂದ. ಪೆನ್ನು ಜಾರದ ಹಾಗೆ ಮೇಲೆ ಒಂದು ಮಬ್ಬು ಹಾಳೆ ಅಂಟಿಸಿಕೊಡಲೇ ಎಂದು ಅವಳು ಕೇಳಿದಾಗ, "ಬೇಡ ಬೇಡ, ಇಷ್ಟು ಒಳ್ಳೇ ಗಾಜನ್ನ ಬಚ್ಚಲಮನೆ ಕಿಟಕಿ ಮಾಡ್ಬಿಟ್ರೆ ಹೇಗೆ?" ಎಂದು ನಕ್ಕ.

ಮಗಳು ಡಬ್ಬ ಬಿಚ್ಚಿದಾಗ ಕೂಗಲಿಲ್ಲ, ಕುಣಿಯಲಿಲ್ಲ. ಟ್ಯಾಬನ್ನು ಎರಡೂ ಕೈಯ ಬೆರಳ ತುದಿಯಲ್ಲಿ ಅಂಚು ಹಿಡಿದು ಎತ್ತಿ, ಅಪ್ಪನ ಮುಖ ನೋಡಿದಳು. ಕಣ್ಣು ತುಂಬಿತ್ತು. ಅಷ್ಟು ಸಾಕಾಗಿತ್ತು ಅವನಿಗೆ. ಆ ದಿನವೆಲ್ಲ ಅಂಗಡಿಯಲ್ಲಿ ಶಿಳ್ಳೆ ಹಾಕಿಕೊಂಡು ತಿರುಗಿದ, ಬೀಗದ ಅಂಗಡಿಯವನಿಗೆ ತಾನೇ ಟೀ ತರಿಸಿಕೊಟ್ಟ, ಅವನು ಈತನಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡಿದ.

ಸಂಜೆ ಮನೆಗೆ ಬಂದರೆ ಮಗಳ ಮುಖ ಸಪ್ಪಗಿದೆ. ಟ್ಯಾಬಿನ ಮೇಲೆ ಕತೆಯ ಮುಖ್ಯ ಪಾತ್ರವಾದ ಹುಡುಗನ ಮುಖ. ಗಲ್ಲದ ಗೆರೆ ನಡುಗಿದೆ, ಕಣ್ಣಿನ ಗೆರೆ ನಡುಗಿದೆ, ಎಲ್ಲಾ ಗೆರೆಗಳೂ ಚಳಿ ಹಿಡಿದವರ ಕೈಬರಹದ ಹಾಗಿವೆ. ಹೊಸದಲ್ಲವಾ, ಅಭ್ಯಾಸವಾಗುತ್ತದೆ ಎಂದಳು ಅಮ್ಮ. ಮಾರನೆಯ ದಿನವೂ ಅದೇ ನಡುಕ. ಅದರ ಮಾರನೆಯ ದಿನವೂ. ಹುಡುಗಿ ಬರೆಯುತ್ತಿದ್ದಳು, ಅಳಿಸುತ್ತಿದ್ದಳು, ಬರೆಯುತ್ತಿದ್ದಳು. ಬುಗುರಿ ಬಾಗಿಲಲ್ಲಿ ನಿಂತು ಇಣುಕುವುದು, ಅಡುಗೆಮನೆಗೆ ಹೋಗುವುದು, ಮತ್ತೆ ಬಂದು ಇಣುಕುವುದು.

"ಅಪ್ಪ, ನೀನು ಒಂದು ಕಡೆ ನಿಂತ್ಕೋ, ಇಲ್ಲಾ ಹೋಗು," ಎಂದಳು ಮಗಳು.

"ಪೆನ್ ಏನಾದ್ರೂ ಕೆಟ್ಟಿದ್ಯಾ ಅಂತ..."

"ಗೊತ್ತಿಲ್ಲ."

ಆಗ ಅವನು ಮಾಡಬಾರದ ಕೆಲಸ ಮಾಡಿದ. ಕೊಡು ಇಲ್ಲಿ ಎಂದು ಪೆನ್ನು ತೆಗೆದುಕೊಂಡ. ತೋಳೆತ್ತಿ, ಉಸಿರು ಹಿಡಿದು, ಆ ಹುಡುಗನ ನಡುಗುವ ಮುಖದ ಪಕ್ಕದಲ್ಲೇ ಉದ್ದಕ್ಕೆ ಒಂದು ಗೆರೆ ಎಳೆದ. ನೆಟ್ಟಗೆ, ನುಣ್ಣಗೆ, ಎಲ್ಲೂ ಒಂದಿಷ್ಟೂ ಕದಲದ ಗೆರೆ. "ನೋಡು, ಪೆನ್ ಚೆನ್ನಾಗೇ ಇದೆಯಲ್ಲ!" ಎಂದು ಸಂತೋಷದಿಂದ ಹೇಳಿದ. ಹೇಳಿದ ಮೇಲೆ ಮಗಳ ಮುಖ ನೋಡಿದ.

"ಹಾಗಾದ್ರೆ ನನ್ ಕೈಯೇ ಸರಿ ಇಲ್ಲ," ಎಂದಳು ಅವಳು.

ತಮಾಷೆಗೆ ಹೇಳಿದ್ದಲ್ಲ. ಸಿಟ್ಟೂ ಇರಲಿಲ್ಲ. ಲೆಕ್ಕದಲ್ಲಿ ಉತ್ತರ ಬಂದಾಗ ಹೇಳುತ್ತಾರಲ್ಲ, ಆ ದನಿ. ಬುಗುರಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬೀದಿಯ ಕೊನೆಯವರೆಗೆ ನಡೆದು ವಾಪಸು ಬಂದ. ಮತ್ತೆ ಹೋದ.

ಮಗಳ ಕೈ ಸರಿಯಿಲ್ಲವೆಂದು ಒಪ್ಪುವ ಬದಲು ಪ್ರಪಂಚದ ಪೆನ್ನುಗಳೆಲ್ಲ ಕೆಟ್ಟಿವೆಯೆಂದು ನಂಬಲು ಅವನು ತಯಾರಿದ್ದ. ಬೆಳಿಗ್ಗೆ ಎದ್ದವನೇ ಟ್ಯಾಬ್ ಕಂಕುಳಲ್ಲಿಟ್ಟುಕೊಂಡು ಅದನ್ನು ಕೊಂಡ ಅಂಗಡಿಗೆ ಹೋಗಿ, ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಶತಪಥ ಹಾಕುತ್ತಿದ್ದ. ನೀಲಿ ಅಂಗಿಯ ಹುಡುಗಿ ಪೆನ್ನಿನ ಮೊನೆ ಬದಲಿಸಿಕೊಟ್ಟಳು. ನಡುಕ ಹೋಗಲಿಲ್ಲ. ಇನ್ನೊಂದು ಸಲ ಹೋದಾಗ, ಗಾಜು ನುಣುಪು ಜಾಸ್ತಿ ಸರ್, ಅದಕ್ಕೇ ಇರಬಹುದು ಎಂದು ಅದೇ ಮಬ್ಬು ಹಾಳೆಯನ್ನು ಅಂಟಿಸಿದಳು. ಬಚ್ಚಲಮನೆ ಕಿಟಕಿಯಾದರೂ ಆಗಲಿ ಎಂದು ಬುಗುರಿ ಹಲ್ಲು ಕಚ್ಚಿಕೊಂಡು ನೋಡುತ್ತ ನಿಂತ. ಆ ಹಾಳೆಯ ಮೇಲೂ ಗೆರೆ ನಡುಗಿತು. ಭಾವಮೈದ ಬಂದು ಸಾಫ್ಟ್‌ವೇರ್ ಎಂಬ ಪದವನ್ನು ನಾಲ್ಕಾರು ಸಲ ಹೇಳಿ, ಏನನ್ನೋ ಒತ್ತಿ, ಟ್ಯಾಬಿನ ಭಾಷೆಯನ್ನೇ ಬದಲಿಸಿ ಇಟ್ಟು ಹೋದ. ಅದನ್ನು ಸರಿಮಾಡಲು ಒಂದು ಮಧ್ಯಾಹ್ನ ಹಿಡಿಯಿತು.

ಈ ಗಲಾಟೆಯಲ್ಲಿ ಅವನು ಗಮನಿಸದ ಒಂದು ಸಂಗತಿಯನ್ನು ಹೆಂಡತಿ ಗಮನಿಸಿದ್ದಳು. ಊಟಕ್ಕೆ ಬಡಿಸುತ್ತ, ಮಗಳು ಕೈ ತೊಳೆಯಲು ಎದ್ದು ಹೋದಾಗ, ಮೆಲ್ಲಗೆ ಹೇಳಿದಳು:

"ಏನ್ರೀ, ಅವಳ ಕೈ ನೋಡಿದ್ರಾ?"

"ಏನಾಯ್ತು? ಕೊಯ್ಕೊಂಡ್ಳಾ?"

"ಇಲ್ಲ. ಬೆಳ್ಳಗಿದೆ. ಎಷ್ಟು ದಿನ ಆಯ್ತೋ ಮಸಿ ಹತ್ತಿಲ್ಲ. ಕಾಗದದ ಮೇಲೂ ಬರೀತಿಲ್ಲ ಕಣ್ರೀ ಅವಳು."

ಬುಗುರಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಚಿತ್ರ ಬರೆಯಲೆಂದು ಕೊಡಿಸಿದ ಸಾಮಾನು ಇದ್ದ ಚಿತ್ರವನ್ನೂ ಕಸಿದುಕೊಂಡಿದೆ. ಮಗಳು ವಾಪಸು ಬಂದು ಕೂತು, ತಟ್ಟೆ ನೋಡಿಕೊಂಡೇ, "ನಾಳೆ ಮೇಡಂಗೆ ಫೋನ್ ಮಾಡ್ತೀನಿ ಅಪ್ಪ. ಬೇರೆ ಯಾರಿಗಾದ್ರೂ ಕೊಡಿ ಅಂತೀನಿ. ಟ್ಯಾಬ್ ವಾಪಸ್ ತಗೊಳ್ತಾರಾ ಕೇಳು," ಎಂದಳು. ತುಂಬ ದೊಡ್ಡವಳ ಹಾಗೆ ಮಾತಾಡುತ್ತಿದ್ದಳು. ಬುಗುರಿಗೆ ಅದರಿಂದ ಎಲ್ಲಕ್ಕಿಂತ ಹೆಚ್ಚು ಭಯವಾಯಿತು.

ಮಾರನೆಯ ಬೆಳಿಗ್ಗೆ ಟ್ಯಾಬಿನ ಅಂಗಡಿಗೆ ಹೊರಟಾಗ ಮಗಳನ್ನೂ ಕರೆದ. ಅವಳು ಬರಲಿಲ್ಲ. "ನೀನು ಹೋಗಿ ಬಾ, ಸ್ವಲ್ಪ ಹೊತ್ತು ನೋಡಿ ಮೇಡಂಗೆ ಫೋನ್ ಮಾಡ್ತೀನಿ," ಎಂದಳು. ಅಂದರೆ ಆ ಸ್ವಲ್ಪ ಹೊತ್ತೇ ಗಡುವು. ಬಸ್ಸಿಗೆ ಕಾಯುವ ಪ್ರಶ್ನೆಯೇ ಇರಲಿಲ್ಲ. ನಡೆದ, ನಡೆಯುತ್ತ ನಡೆಯುತ್ತ ಓಡಿದ. ಅಂಗಡಿಯಲ್ಲಿ ಅವನನ್ನು ಕಂಡ ಕೂಡಲೇ ಬೇರೆ ಕೆಲಸಗಾರರು ಒಬ್ಬೊಬ್ಬರೇ ಏನೋ ನೆನಪಾದವರ ಹಾಗೆ ಆ ಕಡೆ ಈ ಕಡೆ ಸರಿದುಹೋದರು. ನೀಲಿ ಅಂಗಿಯ ಹುಡುಗಿ ಮಾತ್ರ ಸಿಕ್ಕಿಬಿದ್ದಳು.

"ಇದನ್ನ ಬದಲಾಯಿಸಿಕೊಡಿ ಅಮ್ಮ. ಇಡೀ ಸೆಟ್ಟನ್ನೇ."

"ಸರ್, ಇದ್ರಲ್ಲಿ ಏನೂ ತೊಂದ್ರೆ ಇಲ್ಲ. ಬೇಕಾದ್ರೆ ನಾನೇ ಬರೆದು ತೋರಿಸ್ತೀನಿ, ನೀವೇ ನೋಡಿ," ಎಂದು ಅವಳು ಮೇಜಿಗೆ ಮೊಣಕೈ ಊರಿ, ಟ್ಯಾಬಿನ ಮೇಲೆ ಬಗ್ಗಿ, ಒಂದು ಹೂವು ಬರೆದಳು. ದಳದ ಗೆರೆಗಳು ನೀಟಾಗಿ ಸುತ್ತಿ ಬಂದವು. ಅವಳು ಚಿತ್ರಗಾರ್ತಿಯೇನಲ್ಲ, ಹೂವು ಮಕ್ಕಳು ಬರೆಯುವ ಹೂವೇ. ಆದರೆ ನಡುಕವೆಂಬುದು ಎಲ್ಲೂ ಇರಲಿಲ್ಲ. ಬುಗುರಿ ಹೂವು ನೋಡಲಿಲ್ಲ. ಅವಳ ಕೈ ನೋಡುತ್ತಿದ್ದ. ಕಿರುಬೆರಳಿನ ಬದಿಯಿಂದ ಮಣಿಕಟ್ಟಿನವರೆಗೆ ಅವಳ ಕೈ ಪರದೆಯ ಮೇಲೆ ಆರಾಮಾಗಿ ಮಲಗಿತ್ತು.

"ಅಂಗೈ!"

ಅವನ ಬಾಯಿಂದ ತಾನಾಗಿಯೇ ಬಂತು, ತನ್ನ ಅಂಗಡಿಯಲ್ಲಿ ಕೂಗುವ ಅದೇ ಗಂಟಲಲ್ಲಿ. ಹುಡುಗಿ ಬೆಚ್ಚಿ ಕೈ ಎತ್ತಿದಳು. ಆಚೆ ಮೇಜಿನಲ್ಲಿ ಫೋನು ನೋಡುತ್ತಿದ್ದ ಗಿರಾಕಿಯೂ ಸುಮ್ಮಸುಮ್ಮನೆ ಕೈ ಎತ್ತಿದ.

"ಏನಾಯ್ತು ಸರ್?"

"ಅಲ್ಲ... ಗಾಜಿನ ಮೇಲೆ ಕೈ ಇಟ್ಟಿದ್ರಲ್ಲ."

"ಇಡ್ಲೇಬೇಕಲ್ಲ ಸರ್? ಕೈ ಊರದೆ ಗಾಳೀಲಿ ಹಿಡ್ಕೊಂಡು ಬರೆದ್ರೆ ಯಾರ ಕೈಯಾದ್ರೂ ನಡುಗುತ್ತೆ. ಕೈ ಇಟ್ರೂ ಇದಕ್ಕೆ ಗೊತ್ತಾಗಲ್ಲ, ಪೆನ್ ಮಾತ್ರ ಗೊತ್ತಾಗೋದು. ಮೊದಲ್ನೇ ದಿನಾನೇ ಹೇಳಿದ್ನಲ್ಲ ಸರ್, ನೀವು ಕುಟ್ತಾ ಇದ್ರಿ."

ಬುಗುರಿ ನಿಂತಲ್ಲೇ ನಿಂತ. ಅವನ ಕಣ್ಣಿಗೆ ಮಗಳು ಕಾಣಿಸಿದಳು, ಈಗಿನವಳಲ್ಲ, ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ಮಗು. ಅಂಗಡಿಯಲ್ಲಿ ಒಂದು ಆಳೆತ್ತರದ ಕನ್ನಡಿಯೊಳಗೆ ತನ್ನನ್ನೇ ಕಂಡು ಖುಷಿಯಿಂದ ಎರಡೂ ಕೈ ಚಾಚಿತ್ತು. ಇವನು ಕೂಗಿದ್ದ. ಮಗು ಕೈಗಳನ್ನು ಸರಕ್ಕನೆ ಎತ್ತಿ, ತಲೆಯ ಮೇಲೆ ಹಿಡಿದು, ಆಧಾರ ತಪ್ಪಿ ಕುಕ್ಕರಿಸಿ ಬಿದ್ದಿತ್ತು. ಆಗ ಎಲ್ಲರೂ ನಕ್ಕಿದ್ದರು. ಆಮೇಲೆ ಎಷ್ಟು ಸಲ ಕೂಗಿದ್ದನೋ ಲೆಕ್ಕವಿಲ್ಲ. ಕಾಗದದ ಮೇಲೆ ಇಡೀ ಕೈ ಹಾಸಿ ಬರೆಯುವ ಹುಡುಗಿ, ಗಾಜು ಕಂಡ ಕೂಡಲೇ ಕೈಯನ್ನು ಮೇಲೆತ್ತಿಕೊಂಡು, ತೋಳು ಸೋತು ನಡುಗುತ್ತಿದ್ದರೂ ಕೆಳಗಿಳಿಸದೆ ಬರೆಯುತ್ತಿದ್ದಳು. ಇವನು ಪಕ್ಕದಲ್ಲೇ ನಿಂತು ನೋಡಿದ್ದ. ಕೈ ಎತ್ತಿರುವುದು ಇವನ ಕಣ್ಣಿಗೆ ಸರಿಯಾಗಿಯೇ ಕಂಡಿತ್ತು. ಮೇಲಾಗಿ, ಇಪ್ಪತ್ತೈದು ವರ್ಷ ತೋಳನ್ನು ಗಾಳಿಯಲ್ಲಿ ಪಳಗಿಸಿದವನು, ತನ್ನ ಗೆರೆ ತೋರಿಸಿ ಅವಳ ಗೆರೆಗೆ ಅವಮಾನ ಮಾಡಿದ್ದ.

ಅವನಿಗೆ ಅಲ್ಲೇ ಅಳು ಬಂದುಬಿಡುತ್ತಿತ್ತು. "ಬದಲಾಯಿಸೋದು ಬೇಡ," ಎಂದು ಟ್ಯಾಬನ್ನು ಎತ್ತಿಕೊಂಡು ತಿರುಗಿದ. ಥ್ಯಾಂಕ್ಸ್ ಹೇಳಲು ಮರೆತು ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಹೇಳಿ, ಮತ್ತೆ ಓಡಿದ.

ದಾರಿ ಎಂದೂ ಅಷ್ಟು ಉದ್ದವಾಗಿರಲಿಲ್ಲ. ಸಿಗ್ನಲ್ಲಿನಲ್ಲಿ ಕೆಂಪು, ಅದರ ಮುಂದಿನದರಲ್ಲೂ ಕೆಂಪು. ಫೋನು ಮಾಡಿದ, ಮಗಳು ಎತ್ತಲಿಲ್ಲ. ಮೇಡಂ ಜೊತೆ ಮಾತಾಡುತ್ತಿದ್ದಾಳೆಯೇ? ಹೆಂಡತಿಗೆ ಮಾಡಿದ, ಅವಳು ಲೈಬ್ರರಿಯಲ್ಲಿ ಫೋನಿನ ಸದ್ದು ಅಡಗಿಸಿ ಇಟ್ಟಿರುತ್ತಾಳೆ. ಒಂದು ಗಲ್ಲಿ ಹತ್ತಿರದ ದಾರಿಯೆಂದು ನುಗ್ಗಿದರೆ ಅಲ್ಲಿ ಪೈಪು ಹಾಕಲು ನೆಲ ಅಗೆದು ಹಗ್ಗ ಕಟ್ಟಿದ್ದರು. ಹಗ್ಗದ ಕೆಳಗೆ ನುಸುಳಿದ. ಕೆಲಸದವನೊಬ್ಬ ಬೈದ. ಬೈದದ್ದು ಸರಿಯೇ ಎಂದುಕೊಂಡು ಮುಂದೆ ಓಡಿದ.

ಮನೆಗೆ ಬಂದಾಗ ಮಗಳು ಟ್ಯಾಬಿನ ಖಾಲಿ ಡಬ್ಬವನ್ನು ಮೇಜಿನ ಮೇಲಿಟ್ಟುಕೊಂಡು ಅದರೊಳಗಿನ ರಟ್ಟುಗಳನ್ನು ಬಂದಂತೆಯೇ ಜೋಡಿಸುತ್ತಿದ್ದಳು. ಫೋನು ಪಕ್ಕದಲ್ಲಿತ್ತು.

"ಮಾಡ್ದ್ಯಾ?" ಎಂದ, ಬಾಗಿಲಲ್ಲೇ, ಏದುಸಿರು ಬಿಡುತ್ತ.

"ಮೇಡಂ ಎತ್ತಲಿಲ್ಲ. ಆಮೇಲೆ ಮಾಡ್ತೀನಿ. ನೀನು ಯಾಕೆ ಹೀಗೆ ಬೆವೆತಿದ್ದೀಯಾ? ವಾಪಸ್ ತಗೊಳ್ಳಲ್ಲ ಅಂದ್ರಾ?"

ಅವನು ಡಬ್ಬವನ್ನು ಅತ್ತ ತಳ್ಳಿ ಟ್ಯಾಬನ್ನು ಅವಳ ಮುಂದಿಟ್ಟ. ಪೆನ್ನು ಕೊಟ್ಟ. "ಕೈ ಇಡು," ಎಂದ.

"ಎಲ್ಲಿ?"

"ಇದ್ರ ಮೇಲೆ. ಕಾಗದದ ಮೇಲೆ ಇಡ್ತೀಯಲ್ಲ, ಹಾಗೆ. ಪೂರ್ತಿ."

ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. ಕೈ ತಂದಳು. ಗಾಜಿನಿಂದ ಒಂದು ಬೆರಳಿನಷ್ಟು ಮೇಲೆ ಕೈ ನಿಂತುಬಿಟ್ಟಿತು. ಕೆಳಗೆ ಇಳಿಯಲು ಹೊರಟಿತು, ಮತ್ತೆ ನಿಂತಿತು. ಅವಳು ತನ್ನ ಕೈಯನ್ನು ತಾನೇ ನೋಡಿಕೊಂಡಳು. "ಬರ್ತಿಲ್ಲ," ಎಂದಳು, ಅವಳಿಗೇ ಆಶ್ಚರ್ಯವಾಗಿ.

ಬುಗುರಿ ಕುರ್ಚಿ ಎಳೆದು ಪಕ್ಕದಲ್ಲಿ ಕೂತ. ಬಲಗೈಯ ಬೆವರನ್ನು ಒರೆಸಿಕೊಳ್ಳಲಿಲ್ಲ. ಐದೂ ಬೆರಳು ಅಗಲಿಸಿ, ಇಡೀ ಅಂಗೈಯನ್ನು ತಂದು, ಟ್ಯಾಬಿನ ನಟ್ಟನಡುವೆ, ಆ ಹೊಳೆಯುವ ಪರದೆಯ ಮೇಲೆ ಭಾರ ಬಿಟ್ಟು ಊರಿದ.

"ಅಪ್ಪಾ! ಅಂಗೈ!" ಎಂದು ಮಗಳು ಕಿರುಚಿದಳು.

ಕಿರುಚಿದವಳು ಹಾಗೇ ತೆರೆದ ಬಾಯಿ ಮುಚ್ಚದೆ ಅವನನ್ನು ನೋಡಿದಳು. ಅವನು ಕೈ ತೆಗೆಯಲಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನೂ ಒರೆಸಿಕೊಳ್ಳಲಿಲ್ಲ. ಅವಳಿಗೆ ಅರ್ಥವಾಯಿತು. ಸ್ವಲ್ಪ ಸ್ವಲ್ಪವಾಗಿ ಮುಖದ ಮೇಲೆ ಅದು ಹರಡಿದ್ದು ಅವನಿಗೆ ಕಾಣಿಸಿತು. ಅವಳು ನಗಲು ಶುರುಮಾಡಿ, ಅರ್ಧದಲ್ಲಿ ಅತ್ತು, ಮತ್ತೆ ನಕ್ಕಳು. ಆಮೇಲೆ ಅವನ ಕೈಯನ್ನು ಬದಿಗೆ ತಳ್ಳಿ, ಮೊದಲು ಕಿರುಬೆರಳು, ಆಮೇಲೆ ಅಂಗೈಯ ಅಂಚು, ಆಮೇಲೆ ಮಣಿಕಟ್ಟು, ಹೀಗೆ ತಣ್ಣೀರಿಗೆ ಇಳಿಯುವವರ ಹಾಗೆ ಕೈಯನ್ನು ಇಳಿಸಿದಳು. ಭುಜ ಸಡಿಲವಾಯಿತು. ಗಲ್ಲದ ಗೆರೆ ಎಳೆದಳು. ಅದು ಕಿವಿಯ ಹತ್ತಿರ ತೆಳ್ಳಗೆ ಹುಟ್ಟಿ, ದವಡೆಯಲ್ಲಿ ದಪ್ಪಗಾಗಿ, ಗಲ್ಲದಲ್ಲಿ ತಿರುಗಿ, ಮತ್ತೆ ತೆಳುವಾಗಿ ಮುಗಿಯಿತು. ಇಬ್ಬರೂ ಅದನ್ನು ನೋಡಿದರು.

"ನನ್ ಕೈ ಚೆನ್ನಾಗೇ ಇದೆ ಅಪ್ಪ," ಎಂದಳು.

"ಕೈ ಯಾವತ್ತೂ ಚೆನ್ನಾಗೇ ಇತ್ತು ಕಣೇ. ಸರಿ ಇಲ್ದೇ ಇದ್ದಿದ್ದು ನನ್ನ ಬಾಯಿ."

ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಮೂಗು ತಾಗುವಷ್ಟು ಬಗ್ಗಿ ಆಗಲೇ ಕಣ್ಣು ಬರೆಯುತ್ತಿದ್ದಳು. ಫೋನು ಮೇಜಿನ ಮೇಲೆ ಅದುರಿತು. ಚಿತ್ರಕಲೆಯ ಮೇಡಂ. ಮಗಳು ಎಡಗೈಯಲ್ಲಿ ಎತ್ತಿ, ಬಲಗೈ ಗಾಜಿನಿಂದ ಎತ್ತದೆಯೇ, "ಏನಿಲ್ಲ ಮೇಡಂ, ಹುಡುಗನ ಕೂದಲು ಗುಂಗುರೋ ನೆಟ್ಟಗೋ ಅಂತ ಕೇಳೋಣ ಅಂತಿದ್ದೆ," ಎಂದಳು.